ಅಮೆರಿಕದ ಹೈಸ್ಕೂಲು ಮಕ್ಕಳಿಗೆ ಸರ್ಕಾರದ ಪಾಠ: ತೆರಿಗೆ ಬಿಲ್ಲಿನಿಂದ ಸಂವಿಧಾನದವರೆಗೆ

ಬೋರ್ಡಿನ ಮೇಲೆ ಮೂರು ಚೌಕ ಬರೆದು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಹೆಸರಿಟ್ಟು ನಡುವೆ ಬಾಣ ಎಳೆದರೆ ಪೌರನೀತಿ ಪಾಠ ಅಲ್ಲಿಗೇ ಸತ್ತಂತೆ. ಆ ಚಿತ್ರವನ್ನು ಮಕ್ಕಳು ಐದನೇ ತರಗತಿಯಿಂದಲೂ ನೋಡಿದ್ದಾರೆ. ಅವರಿಗೆ ಗೊತ್ತಿಲ್ಲದ್ದು ಬೇರೆ. ಶಾಲೆಯ ಮುಂದಿನ ರಸ್ತೆಗೆ ಸಿಗ್ನಲ್ ಹಾಕಿಸುವವರು ಯಾರು? ಬ್ಯಾಗು ತಪಾಸಣೆ ಮಾಡುವ ಅಧಿಕಾರ ಪ್ರಿನ್ಸಿಪಾಲರಿಗೆ ಎಲ್ಲಿಂದ ಬಂತು? ಬಸ್ ರೂಟ್ ನಿಂತುಹೋದರೆ ಯಾರ ಬಾಗಿಲು ತಟ್ಟಬೇಕು? ಪಾಠ ಇಲ್ಲಿಂದ ಶುರುವಾಗಿ ವಾಷಿಂಗ್ಟನ್ನಿಗೆ ಹೋಗಲಿ. ವಾಷಿಂಗ್ಟನ್ನಿನಲ್ಲಿ ಶುರುವಾದ ಪಾಠ ಮಕ್ಕಳ ಊರಿನವರೆಗೆ ಬರುವುದು ಅಪರೂಪ.

ಕನ್ನಡ ಕೂಟಗಳ ವಾರಾಂತ್ಯದ ತರಗತಿ ನಡೆಸುವ ಸ್ವಯಂಸೇವಕರು, ಮನೆಯಲ್ಲೇ ಮಕ್ಕಳನ್ನು ಕೂರಿಸಿಕೊಂಡು ಕಲಿಸುವ ತಂದೆತಾಯಿ, ಹೊಸದಾಗಿ ಸೋಷಿಯಲ್ ಸ್ಟಡೀಸ್ ಕೈಗೆತ್ತಿಕೊಂಡ ಶಿಕ್ಷಕರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಒಂಬತ್ತರಿಂದ ಹನ್ನೆರಡನೇ ತರಗತಿಯ 10ರಿಂದ 16 ಮಕ್ಕಳು, ವಾರಕ್ಕೊಮ್ಮೆ 90 ನಿಮಿಷ, ಒಟ್ಟು ಹತ್ತು ವಾರ ಎಂದು ಲೆಕ್ಕ ಹಾಕಿಕೊಳ್ಳಿ.

ಮೊದಲ ತರಗತಿಗೂ ಮುಂಚೆ

ಯಾವ ಮಗುವಿನ ವಲಸೆ ಸ್ಥಿತಿಯನ್ನೂ ಕೇಳಬೇಡಿ, ಊಹಿಸಲೂಬೇಡಿ. ಒಂದೇ ಬೆಂಚಿನಲ್ಲಿ ಇಲ್ಲೇ ಹುಟ್ಟಿದ ಪ್ರಜೆ, ಗ್ರೀನ್ ಕಾರ್ಡ್ ಇರುವವನು, ಪೋಷಕರ ಕೆಲಸದ ವೀಸಾಕ್ಕೆ ಹೊಂದಿಕೊಂಡ ಎಚ್-4 ವೀಸಾದಲ್ಲಿ ಇರುವವಳು ಕೂತಿರುತ್ತಾರೆ. 'ನೀವೆಲ್ಲ 18 ಆದ ಕೂಡಲೇ ವೋಟು ಹಾಕ್ತೀರಿ' ಎಂಬ ಮಾತು ಬಾಯಿಗೆ ಸುಲಭವಾಗಿ ಬರುತ್ತದೆ. ಆದರೆ ಆ ಮಾತಿಗೆ ಮೂವರಲ್ಲಿ ಇಬ್ಬರು ಪಾಠದಿಂದ ಹೊರಗೆ ಉಳಿಯುತ್ತಾರೆ. ಹಾಗಾಗಿ ಎಲ್ಲರೂ ಮಾಡಬಹುದಾದ ಕೆಲಸಗಳನ್ನೇ ಆರಿಸಿ: ಸಾರ್ವಜನಿಕ ಸಭೆಗೆ ಹೋಗುವುದು, ಅಲ್ಲಿ ಮಾತಾಡುವುದು, ಪ್ರತಿನಿಧಿಗೆ ಪತ್ರ ಬರೆಯುವುದು, ದಾಖಲೆ ಕೇಳುವುದು. ಇವಕ್ಕೆ ಸಾಮಾನ್ಯವಾಗಿ ಪೌರತ್ವ ಬೇಕಿಲ್ಲ.

ನಿಮ್ಮ ಕೂಟ ತೆರಿಗೆ ವಿನಾಯಿತಿಯ 501(ಸಿ)(3) ಸಂಸ್ಥೆಯಾಗಿದ್ದರೆ ಅದರ ಹೆಸರಿನಲ್ಲಿ ಯಾವ ಅಭ್ಯರ್ಥಿಯ ಪರವಾಗಿಯೂ, ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ. ನಿಷ್ಪಕ್ಷಪಾತವಾದ ಮತದಾರ ಶಿಕ್ಷಣಕ್ಕೆ ಅಡ್ಡಿಯಿಲ್ಲ. ನಿಮ್ಮ ಪಕ್ಷ ಯಾವುದೆಂದು ಹತ್ತು ವಾರವೂ ಮಕ್ಕಳಿಗೆ ಗೊತ್ತಾಗದಿರಲಿ. ಗೊತ್ತಾದ ದಿನದಿಂದ ಅರ್ಧ ತರಗತಿ ನಿಮ್ಮನ್ನು ಮೆಚ್ಚಿಸಲು ಮಾತಾಡುತ್ತದೆ, ಉಳಿದರ್ಧ ಬಾಯಿ ಮುಚ್ಚುತ್ತದೆ.

ಊರಿನ ಅಳತೆಗೋಲನ್ನೂ ಸ್ವಲ್ಪ ಪಕ್ಕಕ್ಕಿಡಬೇಕಾಗುತ್ತದೆ. ನಮ್ಮಲ್ಲಿ ಬೆಳೆದವರಿಗೆ ಜಿಲ್ಲಾಧಿಕಾರಿ, ಹೈಕಮಾಂಡ್, ಬಿ ಫಾರಂ, ಅವಿಶ್ವಾಸ ನಿರ್ಣಯ ಇವೆಲ್ಲ ರಕ್ತಗತ. ಇಲ್ಲಿ ಜಿಲ್ಲಾಧಿಕಾರಿಗೆ ಸಾಟಿಯಾದ ಹುದ್ದೆಯೇ ಇಲ್ಲ. ಹೆಚ್ಚಿನ ಕೌಂಟಿಗಳನ್ನು (ರಾಜ್ಯದೊಳಗಿನ ಜಿಲ್ಲೆಯಂಥ ಘಟಕಗಳನ್ನು) ಚುನಾಯಿತ ಮಂಡಳಿ ನಡೆಸುತ್ತದೆ, ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಕೂಡ ಬಹುಪಾಲು ಕಡೆ ಚುನಾಯಿತನೇ. ಪಕ್ಷದ ಟಿಕೆಟ್ಟನ್ನು ಹೈಕಮಾಂಡ್ ಹಂಚುವುದಿಲ್ಲ, ಪ್ರೈಮರಿ ಎಂಬ ಪಕ್ಷದ ಒಳಚುನಾವಣೆಯಲ್ಲಿ ಮತದಾರರೇ ಆರಿಸುತ್ತಾರೆ. ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲದ್ದರಿಂದ ವಿಪ್ ಮೀರಿದವರ ಸೀಟು ಹೋಗುವುದಿಲ್ಲ. ಬಜೆಟ್ ಬಿದ್ದರೆ ಸರ್ಕಾರ ಬೀಳುವುದಿಲ್ಲ. ಅಕ್ಟೋಬರ್ 1ಕ್ಕೆ ಹೊಸ ಹಣಕಾಸು ವರ್ಷ ಶುರುವಾಗುವಾಗ ಅನುದಾನ ಮಂಜೂರಾಗಿರದಿದ್ದರೆ ಕೇಂದ್ರದ ಅನೇಕ ಕಚೇರಿಗಳಿಗೆ ಬೀಗ ಬೀಳುತ್ತದೆ, ಅಧ್ಯಕ್ಷರು ಅಲ್ಲೇ ಇರುತ್ತಾರೆ. ಚುನಾವಣೆ ನಡೆಸಲು ಕೇಂದ್ರ ಚುನಾವಣಾ ಆಯೋಗದಂಥ ಒಂದು ಸಂಸ್ಥೆ ಇಲ್ಲ, ಆ ಕೆಲಸ ರಾಜ್ಯಗಳದು ಮತ್ತು ಕೌಂಟಿಗಳದು. ಕಲಿಸುವವರ ತಲೆಯಲ್ಲಿ ಈ ವ್ಯತ್ಯಾಸಗಳು ಸ್ಪಷ್ಟವಾಗಿಲ್ಲದಿದ್ದರೆ ಉದಾಹರಣೆಗಳೆಲ್ಲ ತಪ್ಪುತ್ತವೆ.

ಒಂದನೇ ಮತ್ತು ಎರಡನೇ ವಾರ: ಯಾರು ನಿರ್ಧರಿಸುತ್ತಾರೆ?

ಯಾರಾದರೂ ಪೋಷಕರಿಂದ ಆಸ್ತಿ ತೆರಿಗೆ ಬಿಲ್ಲಿನ ಪ್ರತಿ ತರಿಸಿ. ಹೆಸರು, ವಿಳಾಸ, ಪಾರ್ಸೆಲ್ (ನಿವೇಶನ) ಸಂಖ್ಯೆ ಅಳಿಸಿ ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಬಾಡಿಗೆ ಮನೆಯವರೇ ಹೆಚ್ಚಿದ್ದರೆ ಕೌಂಟಿಯ ಜಾಲತಾಣದಲ್ಲಿ ಊರಿನ ಯಾವುದಾದರೂ ಕಟ್ಟಡದ ಬಿಲ್ಲು ಸಿಗುತ್ತದೆ. ಅದನ್ನು ಸಾಲು ಸಾಲಾಗಿ ಓದಿಸಿ. ಕೌಂಟಿ, ನಗರ, ಶಾಲಾ ಜಿಲ್ಲೆ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ), ಸಮುದಾಯ ಕಾಲೇಜು, ಗ್ರಂಥಾಲಯ, ನೀರು ಅಥವಾ ಅಗ್ನಿಶಾಮಕ ಜಿಲ್ಲೆ ಹೀಗೆ ಐದಾರು ಸಂಸ್ಥೆಗಳು ಒಂದೇ ಕಾಗದದಲ್ಲಿ ಕೈ ಚಾಚಿರುತ್ತವೆ. ಅನೇಕ ಊರುಗಳಲ್ಲಿ ಅತಿ ದೊಡ್ಡ ಪಾಲು ಶಾಲಾ ಜಿಲ್ಲೆಯದು. ಪ್ರತಿ ಸಾಲಿಗೂ ಮೂರು ಪ್ರಶ್ನೆ: ಇದನ್ನು ನಡೆಸುವವರು ಚುನಾಯಿತರೋ ನೇಮಕಗೊಂಡವರೋ? ಸಭೆ ಯಾವಾಗ, ಎಲ್ಲಿ? ಹೋದ ವರ್ಷಕ್ಕಿಂತ ಮೊತ್ತ ಹೆಚ್ಚಿದ್ದರೆ ಆ ತೀರ್ಮಾನ ಯಾವ ಸಭೆಯಲ್ಲಾಯಿತು? ಮೂರನೆಯದಕ್ಕೆ ಉತ್ತರ ಹುಡುಕುವುದೇ ಮನೆಗೆಲಸ. ನಡಾವಳಿ ಪುಸ್ತಕ ಹೇಗಿರುತ್ತದೆಂದು ಮಕ್ಕಳು ಮೊದಲ ಬಾರಿಗೆ ನೋಡುವುದು ಆಗಲೇ. ಒಂದು ಎಚ್ಚರಿಕೆ: ಹವಾಯಿಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಶಾಲಾ ಜಿಲ್ಲೆ, ಕೆಲವು ದೊಡ್ಡ ನಗರಗಳಲ್ಲಿ ಶಾಲಾ ಮಂಡಳಿಯನ್ನು ಮೇಯರ್ ನೇಮಿಸುತ್ತಾರೆ. ನಿಮ್ಮ ಊರಿನ ಪದ್ಧತಿ ನೋಡಿಕೊಂಡೇ ತರಗತಿಗೆ ಬನ್ನಿ.

ಎರಡನೇ ವಾರ 24 ಚೀಟಿ ಮಾಡಿ, ಒಂದೊಂದರಲ್ಲಿ ಒಂದು ದೂರು: ಶಾಲೆಯ ಊಟದಲ್ಲಿ ಉಪ್ಪಿನ ಮಿತಿ, ಬಸ್ ನಿಲ್ದಾಣ ದೂರ, ಶಾಲೆಯ ಮುಂದೆ ವೇಗದ ಮಿತಿ, ಪಾಸ್‌ಪೋರ್ಟ್ ತಡ, ಪಕ್ಕದ ಮನೆಯ ಗದ್ದಲ, ಕನಿಷ್ಠ ವೇತನ, ಡ್ರೈವಿಂಗ್ ಲೈಸೆನ್ಸಿನ ವಯಸ್ಸು. ಮಕ್ಕಳು ಅವನ್ನು ಶಾಲಾ ಜಿಲ್ಲೆ, ನಗರ, ಕೌಂಟಿ, ರಾಜ್ಯ, ಫೆಡರಲ್ (ಕೇಂದ್ರ) ಎಂಬ ಐದು ಗುಂಪಿಗೆ ಹಂಚಬೇಕು. ಕೆಲವು ಚೀಟಿಗಳು ಬೇಕೆಂದೇ ಎರಡು ಕಡೆಗೆ ಸೇರುವಂತಿರಲಿ. ಕನಿಷ್ಠ ವೇತನಕ್ಕೆ ಫೆಡರಲ್ ಮಿತಿಯೂ ಇದೆ, ಬಹಳ ರಾಜ್ಯಗಳಲ್ಲಿ ಅದಕ್ಕಿಂತ ಹೆಚ್ಚಿನ ಮಿತಿಯೂ ಇದೆ. ಶಾಲೆಯ ಎದುರಿನ ರಸ್ತೆ ರಾಜ್ಯ ಹೆದ್ದಾರಿಯಾಗಿದ್ದರೆ ಸಿಗ್ನಲ್ ನಗರದ ಕೈಯಲ್ಲಿಲ್ಲ. ಜಗಳವಾಗಲಿ ಬಿಡಿ, ಈ ತರಗತಿಯ ಫಲವೇ ಆ ಜಗಳ.

ಮೂರನೇ ವಾರ: ಸಂವಿಧಾನವನ್ನೇ ಓದಿ

ಮೂಲ ಪಠ್ಯ ಸುಮಾರು 4,400 ಪದ, ಏಳು ವಿಧಿ, ಈವರೆಗೆ 27 ತಿದ್ದುಪಡಿ. ಪೂರ್ತಿ ಓದಿಸುವ ಹಟ ಬೇಡ. ಒಂದನೇ ವಿಧಿಯ 8ನೇ ಸೆಕ್ಷನ್, ರಾಜ್ಯದ ಕಾನೂನಿಗಿಂತ ಫೆಡರಲ್ ಕಾನೂನು ಮೇಲು ಎನ್ನುವ ಆರನೇ ವಿಧಿಯ ಪಾರಮ್ಯದ ಸಾಲು, 1 (ಮಾತಿನ ಸ್ವಾತಂತ್ರ್ಯ), 4 (ತಪಾಸಣೆಯಿಂದ ರಕ್ಷಣೆ), 10 (ರಾಜ್ಯಗಳಿಗೆ ಉಳಿದ ಅಧಿಕಾರ) ಮತ್ತು 14ನೇ (ಪೌರತ್ವ, ಸಮಾನ ರಕ್ಷಣೆ) ತಿದ್ದುಪಡಿಗಳು ಸಾಕು. ಇಂಗ್ಲಿಷಿನಲ್ಲೇ ಓದಿಸಿ, ಕನ್ನಡದಲ್ಲಿ ಚರ್ಚೆ ಮಾಡಿ. ಮಕ್ಕಳು ತಮ್ಮ ಮಾತಿನಲ್ಲಿ ಅಜ್ಜಿಗೆ ಹೇಳುವಂತೆ ಒಂದೊಂದು ಸಾಲನ್ನು ಕನ್ನಡಕ್ಕೆ ತರಬೇಕು. ಅರ್ಥವಾಗದ ಸಾಲು ಅಲ್ಲೇ ಸಿಕ್ಕಿಬೀಳುತ್ತದೆ.

8ನೇ ಸೆಕ್ಷನ್ನಿನಲ್ಲಿ ಕಾಂಗ್ರೆಸ್ಸಿನ, ಅಂದರೆ ಇಲ್ಲಿನ ಸಂಸತ್ತಿನ, ಅಧಿಕಾರಗಳ ಪಟ್ಟಿಯಿದೆ. ಅದರಲ್ಲಿ ಶಿಕ್ಷಣ ಎಲ್ಲಿದೆ ಹುಡುಕಿ ಎನ್ನಿ. ಇಲ್ಲ. ಇಡೀ ಸಂವಿಧಾನದಲ್ಲೇ ಆ ಪದವಿಲ್ಲ. ಹಾಗಿದ್ದರೆ ಶಾಲೆ ರಾಜ್ಯಗಳದ್ದು ಏಕೆ ಎಂಬುದಕ್ಕೆ, ಕೇಂದ್ರಕ್ಕೆ ಕೊಡದ ಅಧಿಕಾರ ರಾಜ್ಯಗಳಿಗೆ ಅಥವಾ ಜನರಿಗೆ ಉಳಿಯುತ್ತದೆ ಎನ್ನುವ 10ನೇ ತಿದ್ದುಪಡಿ ಉತ್ತರ. ಇದರ ಬೆನ್ನಿಗೇ 1995ರ ಲೋಪೆಜ್ ಪ್ರಕರಣ ತನ್ನಿ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ 12ನೇ ತರಗತಿಯ ವಿದ್ಯಾರ್ಥಿ ಶಾಲೆಗೆ ಬಂದೂಕು ತಂದ. ಅವನ ಮೇಲೆ ಶಾಲಾ ವಲಯದ ಬಂದೂಕು ನಿಷೇಧಿಸುವ 1990ರ ಫೆಡರಲ್ ಕಾಯ್ದೆಯಡಿ ಕೇಸು ಬಿತ್ತು. ಇದು 8ನೇ ಸೆಕ್ಷನ್ನಿನ ಪಟ್ಟಿಯಲ್ಲಿರುವ ಅಂತರರಾಜ್ಯ ವಾಣಿಜ್ಯವಲ್ಲ, ಆದ್ದರಿಂದ ಕಾಂಗ್ರೆಸ್ಸಿಗೆ ಈ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟು 5-4ರಲ್ಲಿ ಆ ಕಾಯ್ದೆಯನ್ನು ರದ್ದುಮಾಡಿತು. 'ಶಾಲೆಗೆ ಬಂದೂಕು ತರಬಹುದು ಅಂದ್ರಾ?' ಎಂದು ಒಬ್ಬರಾದರೂ ಕೇಳುತ್ತಾರೆ. ಖಂಡಿತ ಇಲ್ಲ. ಟೆಕ್ಸಸ್ ರಾಜ್ಯದ ಕಾನೂನಿನಲ್ಲೂ ಅದು ಅಪರಾಧವೇ ಆಗಿತ್ತು. ಪ್ರಶ್ನೆ ಇದ್ದದ್ದು ನಿಷೇಧಿಸುವ ಅಧಿಕಾರ ಯಾರದ್ದು ಎಂಬುದು. ಒಂದು ಕೆಲಸ ಸರಿಯೇ ತಪ್ಪೇ ಎಂಬುದನ್ನೂ ಅದನ್ನು ತೀರ್ಮಾನಿಸುವ ಹಕ್ಕು ಯಾರದ್ದು ಎಂಬುದನ್ನೂ ಬೇರೆ ಬೇರೆಯಾಗಿ ನೋಡಲು ಬಂದರೆ ಮುಂದಿನದೆಲ್ಲ ಹಗುರ.

ನಾಲ್ಕನೇ ಮತ್ತು ಐದನೇ ವಾರ: ಅಣಕು ನ್ಯಾಯಾಲಯ

ಈ ಭಾಗಕ್ಕೆ ಧಾರಾಳವಾಗಿ ಸಮಯ ಕೊಡಿ. ಪ್ರಕರಣ ಟಿಂಕರ್, 1969. ಅಯೋವಾದ ಡಿ ಮೊಯ್ನ್‌ನಲ್ಲಿ 1965ರ ಡಿಸೆಂಬರಿನಲ್ಲಿ ಮೂವರು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ. ವಿಷಯ ಮೊದಲೇ ತಿಳಿದು ಪ್ರಿನ್ಸಿಪಾಲರು ನಿಷೇಧ ಹೇರಿದ್ದರು, ಮಕ್ಕಳನ್ನು ಅಮಾನತು ಮಾಡಿದರು. ಸುಪ್ರೀಂ ಕೋರ್ಟು 7-2ರಲ್ಲಿ ಮಕ್ಕಳ ಪರ ನಿಂತಿತು.

ಮೊದಲ ವಾರ ತೀರ್ಪು ಹೇಳಬೇಡಿ. ಎರಡು ಪುಟದ ಸಂಗತಿಗಳ ಹಾಳೆ ಮಾತ್ರ ಕೊಡಿ. ನ್ಯಾಯಮೂರ್ತಿಗಳು ಒಂಬತ್ತು, ತರಗತಿ ಚಿಕ್ಕದಾದರೆ ಐದು, ಸಮ ಸಂಖ್ಯೆ ಮಾತ್ರ ಬೇಡ. ಎರಡೂ ಪಕ್ಷಕ್ಕೆ ಮೂರು ಮೂರು ವಕೀಲರು. ತಯಾರಿಗೆ 35 ನಿಮಿಷ. ಅಷ್ಟರಲ್ಲಿ ನ್ಯಾಯಮೂರ್ತಿಗಳು ಸುಮ್ಮನೆ ಕೂರಬಾರದು, ಒಬ್ಬೊಬ್ಬರೂ ಎರಡೂ ಕಡೆಗೆ ತಲಾ ಎರಡು ಪ್ರಶ್ನೆ ಬರೆದು ನಿಮಗೆ ತೋರಿಸಬೇಕು. ಮುಂದಿನ ವಾರ ವಾದಕ್ಕೆ ತಲಾ ಎಂಟು ನಿಮಿಷ, ಪ್ರಶ್ನೆ ನಡುವೆಯೇ ಬರಲಿ. ಆಮೇಲೆ ನ್ಯಾಯಮೂರ್ತಿಗಳು 15 ನಿಮಿಷ ಎಲ್ಲರ ಮುಂದೆ ಚರ್ಚಿಸಿ ಮತ ಹಾಕಿ, ಬಹುಮತದ ಕಾರಣವನ್ನೂ ಭಿನ್ನಮತದ ಕಾರಣವನ್ನೂ ಐದೈದು ಸಾಲಿನಲ್ಲಿ ಬರೆಯಲಿ.

ಕೆಡುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ಯುದ್ಧ ಸರಿಯೋ ತಪ್ಪೋ ಎಂದು ಮಕ್ಕಳು ವಾದಕ್ಕಿಳಿಯುತ್ತಾರೆ. ಆಗ ತಡೆದು, 'ಅವರು ಯುದ್ಧದ ಪರವಾಗಿ ಪಟ್ಟಿ ಕಟ್ಟಿದ್ದರೆ ನಿಮ್ಮ ನಿಯಮ ಏನು ಹೇಳುತ್ತದೆ?' ಎಂದು ಕೇಳಿ. ನಿಯಮ ಬದಲಾದರೆ ಅದು ನಿಯಮವಲ್ಲ, ಇಷ್ಟಾನಿಷ್ಟ. ಕೋರ್ಟು ಕಂಡುಕೊಂಡ ಅಳತೆ, ಶಾಲೆಯ ಕೆಲಸಕ್ಕೆ ಗಣನೀಯವಾದ ಅಡ್ಡಿಯಾಗುತ್ತದೆಯೇ ಎಂಬುದು. ಇದನ್ನು ತೀರ್ಪಿನ ನಂತರವೇ ಕೊಟ್ಟು ಸಂಗತಿಗಳನ್ನು ಒಂದೊಂದಾಗಿ ಬದಲಿಸಿ. ಶಾಲೆಯೇ ಹೊರತರುವ ಪತ್ರಿಕೆಯ ಲೇಖನವಾದರೆ? ಹೇಝಲ್‌ವುಡ್, 1988, ಶಾಲೆ ಗೆದ್ದಿತು. ವಾರಾಂತ್ಯದಲ್ಲಿ ಅಂಗಡಿಯ ಬಳಿ ನಿಂತು ಸ್ನ್ಯಾಪ್‌ಚಾಟಿನಲ್ಲಿ ಬೈದರೆ? ಮಹನೊಯ್, 2021, 8-1ರಲ್ಲಿ ವಿದ್ಯಾರ್ಥಿನಿ ಗೆದ್ದಳು. ಬ್ಯಾಗು ತಪಾಸಣೆ? ಟಿ.ಎಲ್.ಒ. ಪ್ರಕರಣ, 1985. ಪೊಲೀಸರಿಗೆ ಬೇಕಾದಷ್ಟು ಬಲವಾದ ಕಾರಣ ಶಾಲೆಗೆ ಬೇಡ, ಸಮಂಜಸವಾದ ಅನುಮಾನ ಸಾಕು ಎಂದಿತು ಕೋರ್ಟು. ಧ್ವಜವಂದನೆಗೆ ಯಾವ ವಿದ್ಯಾರ್ಥಿಯನ್ನೂ ಬಲವಂತಪಡಿಸುವಂತಿಲ್ಲ ಎಂಬ ಬಾರ್ನೆಟ್ ತೀರ್ಪು 1943ರದು, ಎರಡನೇ ಮಹಾಯುದ್ಧದ ನಟ್ಟನಡುವೆ ಬಂದದ್ದು. ಆ ಇಸವಿಯನ್ನು ಮಕ್ಕಳ ಗಮನಕ್ಕೆ ತನ್ನಿ.

ಇವೆಲ್ಲ ಸರ್ಕಾರಿ ಶಾಲೆಗೆ ಮಾತ್ರ ಎಂಬುದನ್ನು ಬಹಳ ಜನ ಹೇಳಲು ಮರೆಯುತ್ತಾರೆ. ಸಂವಿಧಾನ ಕಟ್ಟಿಹಾಕುವುದು ಸರ್ಕಾರವನ್ನು. ಖಾಸಗಿ ಶಾಲೆಯ ವಿದ್ಯಾರ್ಥಿಗೆ 1ನೇ ತಿದ್ದುಪಡಿ ಈ ರಕ್ಷಣೆ ಕೊಡುವುದಿಲ್ಲ.

ಆರನೇ ವಾರ: ಗೆರೆ ಎಳೆಯುವವರ ಕೈ

ಹೌಸ್‌ನ (ಕಾಂಗ್ರೆಸ್ಸಿನ ಕೆಳಮನೆಯ) 435 ಸ್ಥಾನಗಳನ್ನು ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ರಾಜ್ಯಗಳಿಗೆ ಹಂಚುತ್ತಾರೆ, ರಾಜ್ಯದೊಳಗೆ ಕ್ಷೇತ್ರಗಳ ಗೆರೆಯನ್ನು ಹೆಚ್ಚಿನ ಕಡೆ ಶಾಸನಸಭೆಯೇ ಎಳೆಯುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕಾಗದದಲ್ಲಿ ಮಾಡಿಸಿ. ಐದು ಸಾಲು, ಐದು ಕಂಬದ 25 ಚೌಕ. ಎಡಗಡೆಯ ಎರಡು ಕಂಬ, ಅಂದರೆ ಹತ್ತು ಚೌಕ, ಹಸಿರು. ಉಳಿದ 15 ಹಳದಿ. ಐದೈದು ಚೌಕದ ಐದು ಕ್ಷೇತ್ರ ಮಾಡಬೇಕು, ಒಂದು ಕ್ಷೇತ್ರದ ಚೌಕಗಳು ಅಂಚಿಗೆ ಅಂಚು ತಾಗಿರಬೇಕು. ಅಡ್ಡಡ್ಡ ಕತ್ತರಿಸಿದರೆ ಹಳದಿ 5-0. ಉದ್ದುದ್ದ ಕತ್ತರಿಸಿದರೆ 3-2. ಈಗ ಹಸಿರು ಬಣ್ಣಕ್ಕೆ ಮೂರು ಕ್ಷೇತ್ರ ಕೊಡಿಸಿ ಎನ್ನಿ. ಮಕ್ಕಳು ಆಗದು ಎನ್ನುತ್ತಾರೆ. ಆಗುತ್ತದೆ: ಮೇಲಿನ ಸಾಲಿನ ಎಡಗಡೆಯ ನಾಲ್ಕು ಚೌಕಕ್ಕೆ ಎರಡನೇ ಸಾಲಿನ ಮೊದಲ ಚೌಕ ಸೇರಿಸಿ. ಕೆಳಗಿನ ಸಾಲಿನ ಎಡಗಡೆಯ ನಾಲ್ಕಕ್ಕೆ ನಾಲ್ಕನೇ ಸಾಲಿನ ಮೊದಲನೆಯದು. ಮೂರನೇ ಸಾಲಿನ ಮೊದಲ ಮೂರಕ್ಕೆ ನಾಲ್ಕನೇ ಸಾಲಿನ ಎರಡು ಮತ್ತು ಮೂರನೆಯದು. ಮೂರರಲ್ಲೂ ಹಸಿರು 3-2. ಉಳಿದ ಒಂದೇ ಒಂದು ಹಸಿರು ಚೌಕ ಎರಡನೇ ಸಾಲಿನಲ್ಲಿ ನಾಲ್ಕು ಹಳದಿಯ ಜೊತೆ ಹೋಗಿ ಮುಳುಗುತ್ತದೆ. ಜನ ಅಷ್ಟೇ, ಮತ ಅಷ್ಟೇ, ಫಲಿತಾಂಶ ಮೂರು ಬಗೆ.

ಕ್ಷೇತ್ರಗಳ ಜನಸಂಖ್ಯೆ ಸಮನಾಗಿರಬೇಕೆಂಬ ತೀರ್ಪುಗಳು 1964ರವು. ಪಕ್ಷಲಾಭಕ್ಕಾಗಿ ಗೆರೆ ಎಳೆದರೆ ಫೆಡರಲ್ ಕೋರ್ಟುಗಳು ತೀರ್ಮಾನಿಸಲಾರವು ಎಂದ ರೂಚೋ ತೀರ್ಪು 2019ರದು. ಹಾಗಾದರೆ ತಡೆಯುವವರು ಯಾರು ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುತ್ತಾರೆ. ರಾಜ್ಯದ ಸಂವಿಧಾನ, ರಾಜ್ಯದ ಕೋರ್ಟು, ಕೆಲವು ರಾಜ್ಯಗಳ ಸ್ವತಂತ್ರ ಆಯೋಗ, ಮೂರನ್ನೂ ಹುಡುಕಿ ತರಲಿ.

ಏಳನೇ ವಾರ ಕಾಂಗ್ರೆಸ್ಸಿಗೆ. ಮಸೂದೆಯ ಹಾದಿಯ ಚಿತ್ರ ಬೇಡ. ಒಂದು ಪುಟದ ಮಸೂದೆಯನ್ನು ತರಗತಿಯ ಸಮಿತಿಗೆ ಕೊಟ್ಟು ತಿದ್ದಿಸಿ. ಹೆಚ್ಚಿನ ಮಸೂದೆಗಳು ಸಮಿತಿಯಲ್ಲೇ ಕೊನೆಯುಸಿರೆಳೆಯುತ್ತವೆ ಎಂಬುದು ಆಗ ಅನುಭವಕ್ಕೆ ಬರುತ್ತದೆ. ಮೇಲ್ಮನೆಯಾದ ಸೆನೆಟ್ಟಿನಲ್ಲಿ ಚರ್ಚೆ ನಿಲ್ಲಿಸಲು 60 ಮತ, ಮಸೂದೆಯನ್ನು ತಿರಸ್ಕರಿಸುವ ಅಧ್ಯಕ್ಷರ ವೀಟೋ ಮುರಿಯಲು ಎರಡೂ ಸದನದಲ್ಲಿ ಮೂರನೇ ಎರಡು. ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಮತಗಳ 538 ಎಂಬ ಸಂಖ್ಯೆ ಹೌಸಿನ 435, ಸೆನೆಟ್ಟಿನ 100 ಮತ್ತು ವಾಷಿಂಗ್ಟನ್ ಡಿ.ಸಿ.ಗೆ 1961ರ 23ನೇ ತಿದ್ದುಪಡಿ ಕೊಟ್ಟ 3 ಸೇರಿ ಆದದ್ದು.

ಎಂಟನೇ ವಾರ: ಪೌರತ್ವ

ನಮ್ಮ ಮನೆಗಳಿಗೆ ತೀರ ಹತ್ತಿರದ ಪಾಠ ಇದು. ಇಲ್ಲಿ ಹುಟ್ಟಿದವರು ಪ್ರಜೆಗಳು ಎನ್ನುವ 1868ರ 14ನೇ ತಿದ್ದುಪಡಿಯ ಮೊದಲ ಸಾಲು, ಚೀನೀ ದಂಪತಿಗೆ ಇಲ್ಲಿ ಹುಟ್ಟಿದ ಮಗ ವಾಂಗ್ ಕಿಮ್ ಆರ್ಕ್ ಪ್ರಜೆ ಎಂದ 1898ರ ತೀರ್ಪು, ಭಗತ್ ಸಿಂಗ್ ಥಿಂಡ್ ಅವರಿಗೆ ಪೌರತ್ವ ನಿರಾಕರಿಸಿದ 1923ರ ತೀರ್ಪು, ಇವನ್ನು ಒಟ್ಟಿಗೆ ಓದಿಸಿ. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆದರೂ ಅಂದಿನ ಕಾನೂನಿನ ಪ್ರಕಾರ ಅವರು 'ಬಿಳಿಯ'ರಲ್ಲ ಎಂದು ಕೋರ್ಟು ಹೇಳಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯ್ದೆ, ಅದೂ ವರ್ಷಕ್ಕೆ ಸುಮಾರು 100 ಜನರ ವಲಸೆ ಕೋಟಾದೊಂದಿಗೆ. ಹತ್ತೇ ವರ್ಷದಲ್ಲಿ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಕಾಂಗ್ರೆಸ್ಸಿಗೆ ಆಯ್ಕೆಯಾದರು. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2023ರ ಜನವರಿಯಲ್ಲಿ ಮಿಷಿಗನ್‌ನಿಂದ ಹೌಸ್‌ಗೆ ಬಂದರು. ಹೌಸ್‌ಗೆ ಏಳು ವರ್ಷದ ಪೌರತ್ವ, ಸೆನೆಟ್ಟಿಗೆ ಒಂಬತ್ತು ವರ್ಷ, ಅಧ್ಯಕ್ಷರಾಗಲು ಹುಟ್ಟಿನಿಂದಲೇ ಪ್ರಜೆ ಎಂಬ ಮೂರು ಅರ್ಹತೆಗಳು ಈ ಉದಾಹರಣೆಯಲ್ಲೇ ಬರುತ್ತವೆ. ತಾತ್ಕಾಲಿಕ ವೀಸಾದವರ ಮಕ್ಕಳ ಜನ್ಮಸಿದ್ಧ ಪೌರತ್ವವನ್ನು ಮುಟ್ಟಿದ 2025ರ ಜನವರಿಯ ಅಧ್ಯಕ್ಷೀಯ ಆದೇಶ ಕೋರ್ಟಿಗೆ ಹೋಯಿತು. ತರಗತಿಯ ಹಿಂದಿನ ದಿನ ಅದರ ಸದ್ಯದ ಸ್ಥಿತಿ ನೋಡಿಕೊಂಡೇ ಮಾತಾಡಿ.

ಪೌರತ್ವ ಪರೀಕ್ಷೆಯ ಪ್ರಶ್ನೆಗಳನ್ನು ತರಗತಿಯ ಶುರುವಿನ ಐದು ನಿಮಿಷದ ಚುರುಕಿಗೆ ಬಳಸಿ, ಪಠ್ಯಕ್ರಮವಾಗಿ ಬೇಡ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ, ಕೇಳುವುದು 20, ಸರಿಯಾಗಬೇಕಾದ್ದು 12. ಹಳೆಯ 100 ಪ್ರಶ್ನೆಗಳ ಹಾಳೆ ಇನ್ನೂ ವಾಟ್ಸಾಪಿನಲ್ಲಿ ಸುತ್ತುತ್ತಿದೆ, ನೋಡಿಕೊಳ್ಳಿ. ಮಗುವಿಗೆ 18 ತುಂಬುವ ಮೊದಲೇ ತಂದೆ ಅಥವಾ ತಾಯಿ ಪ್ರಜೆಯಾಗಿ, ಮಗು ಗ್ರೀನ್ ಕಾರ್ಡಿನೊಂದಿಗೆ ಅವರ ಸುಪರ್ದಿಯಲ್ಲಿ ಇಲ್ಲೇ ವಾಸವಿದ್ದರೆ ಪೌರತ್ವ ತಾನಾಗಿಯೇ ಬರುತ್ತದೆ, ಪರೀಕ್ಷೆಯಿಲ್ಲ. 18 ದಾಟಿದವರು ತಾವೇ ಅರ್ಜಿ ಹಾಕಬೇಕು.

ಒಂದು ಮಾತನ್ನು ಇಡೀ ತರಗತಿಗೆ, ಯಾರ ಕಡೆಗೂ ನೋಡದೆ, ಸ್ಪಷ್ಟವಾಗಿ ಹೇಳಿ. 1993ರ ಕಾಯ್ದೆಯಿಂದಾಗಿ ಬಹುತೇಕ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸಿನ ಅರ್ಜಿಯ ಜೊತೆಗೇ ಮತದಾರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಪ್ರಜೆಯಲ್ಲದವರು ಅಲ್ಲಿ ಅವಸರದಲ್ಲಿ 'ಹೌದು' ಒತ್ತಿ ಸಹಿ ಹಾಕಿದರೆ ಅದು ಸುಳ್ಳು ಪೌರತ್ವದ ಹೇಳಿಕೆಯಾಗುತ್ತದೆ. ಮುಂದೆ ಗ್ರೀನ್ ಕಾರ್ಡಿಗೂ ಪೌರತ್ವಕ್ಕೂ ದೊಡ್ಡ ಕಂಟಕ. ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದಂತೂ ಅಪರಾಧ. ತಪ್ಪಿ ಮತದಾರರ ಕಾರ್ಡು ಮನೆಗೆ ಬಂದರೆ ಬಳಸಬಾರದು, ವಲಸೆ ವಕೀಲರನ್ನು ಕಂಡು ರದ್ದು ಮಾಡಿಸಬೇಕು. ಪ್ರಜೆಗಳಾದ ಮಕ್ಕಳಿಗೆ ಕ್ಯಾಲಿಫೋರ್ನಿಯಾ, ಫ್ಲೋರಿಡಾಗಳಲ್ಲಿ 16ಕ್ಕೇ ಮುಂಗಡ ನೋಂದಣಿ ಇದೆ, ಟೆಕ್ಸಸ್‌ನಲ್ಲಿ 17 ವರ್ಷ 10 ತಿಂಗಳಿಗೆ.

ಒಂಬತ್ತು ಮತ್ತು ಹತ್ತು: ಎದ್ದು ನಿಂತು ಮಾತಾಡುವುದು

ಸ್ಕೂಲ್ ಬೋರ್ಡಿನ (ಶಾಲಾ ಜಿಲ್ಲೆಯ ಮಂಡಳಿಯ) ಅಜೆಂಡಾ ಸಭೆಗೆ ಮೊದಲೇ ಪ್ರಕಟವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಸಭೆಗೆ 72 ಗಂಟೆ ಮುಂಚೆ ಎಂದು ಕಾನೂನೇ ಇದೆ. ಸಾರ್ವಜನಿಕರಿಗೆ ಸಾಮಾನ್ಯವಾಗಿ ಎರಡರಿಂದ ಮೂರು ನಿಮಿಷ. ಎರಡು ನಿಮಿಷಕ್ಕೆ ಇಂಗ್ಲಿಷಿನ 220 ಪದ ಮೀರದಿರಲಿ: ಹೆಸರು, ತರಗತಿ, ಅಜೆಂಡಾದ ಸಂಖ್ಯೆ, ಒಂದೇ ಒಂದು ಬೇಡಿಕೆ, ಅದಕ್ಕೊಂದು ಕಾರಣ, ಒಂದು ಅಂಕಿ. ಬೇಡಿಕೆ ಮೂರನೇ ವಾಕ್ಯದೊಳಗೆ ಬರಬೇಕು. ಕೊನೆಗೆ ಇಟ್ಟರೆ ಗಂಟೆ ಬಾರಿಸಿಬಿಡುತ್ತಾರೆ. 'ಏನಾದರೂ ಮಾಡಿ' ಎಂಬುದು ಬೇಡಿಕೆಯಲ್ಲ. '12ನೇ ಬಸ್ ರೂಟನ್ನು ಜೂನ್‌ವರೆಗೆ ಉಳಿಸಿ' ಎಂಬುದು ಬೇಡಿಕೆ. ಅಜೆಂಡಾದಲ್ಲಿ ಇಲ್ಲದ ವಿಷಯಕ್ಕೆ ಮಂಡಳಿ ಅಂದೇ ಉತ್ತರ ಕೊಡಲಾರದು, ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳು ಅವಮಾನವಾಯಿತೆಂದು ಮುಖ ಸಪ್ಪೆ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಎರಡು ವಾರದ ನಂತರ ಇಮೇಲ್ ಕಳಿಸಿ ವಿಚಾರಿಸುವುದೂ ಪಾಠದ ಭಾಗ. ಸಭೆಗಳ ನೇರಪ್ರಸಾರ ಅಂತರಜಾಲದಲ್ಲಿ ಉಳಿಯುವುದರಿಂದ ಮಾತಾಡುವ ಮೊದಲು ಮನೆಯವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಮಾತಾಡಲು ಇಷ್ಟವಿಲ್ಲದವರು ಲಿಖಿತ ಅಭಿಪ್ರಾಯ ಕಳಿಸಲಿ, ಅದಕ್ಕೆ ಕಡಿಮೆ ಅಂಕವಿಲ್ಲ.

ಕೊನೆಯ ದಿನ ಬಹುಆಯ್ಕೆಯ ಪರೀಕ್ಷೆ ಬೇಡ. ಆ ವಾರದ ಸ್ಥಳೀಯ ಪತ್ರಿಕೆಯಿಂದ ಒಂದು ಸುದ್ದಿ ಕೊಟ್ಟು 25 ನಿಮಿಷ ಬಿಡಿ. ಇದನ್ನು ತೀರ್ಮಾನಿಸುವವರು ಯಾರು, ಆ ಅಧಿಕಾರ ಯಾವ ಕಾನೂನಿನಿಂದ ಬಂತು, ಅವರನ್ನು ತಡೆಯಬಲ್ಲವರು ಯಾರು, ನಾಳೆ ನೀನು ಎಲ್ಲಿಗೆ ಹೋಗುತ್ತೀಯ ಎಂಬ ನಾಲ್ಕಕ್ಕೆ ಉತ್ತರ ಬರೆಯಲಿ. ಇದು ಬಂದವರು ಎಪಿ ಗವರ್ನಮೆಂಟ್ ಎಂಬ, ಹೈಸ್ಕೂಲು ಮಕ್ಕಳಿಗಾಗಿ ಇರುವ ಕಾಲೇಜು ಮಟ್ಟದ ಪರೀಕ್ಷೆಗೆ ಧೈರ್ಯವಾಗಿ ಹೆಸರು ಕೊಡಬಹುದು. ಅಲ್ಲಿ 80 ನಿಮಿಷಕ್ಕೆ 55 ಬಹುಆಯ್ಕೆ ಪ್ರಶ್ನೆ, 100 ನಿಮಿಷಕ್ಕೆ ನಾಲ್ಕು ಬರಹದ ಉತ್ತರ. ಕಡ್ಡಾಯ ಪ್ರಕರಣಗಳ ಪಟ್ಟಿಯಲ್ಲಿ ಟಿಂಕರ್ ಮತ್ತು ಲೋಪೆಜ್ ಎರಡೂ ಇವೆ. ಪಟ್ಟಿಯ ಉಳಿದ ಪ್ರಕರಣಗಳ ಜೊತೆಗೆ, ಸಂವಿಧಾನವನ್ನು ಒಪ್ಪುವ ಕಾಲದ ಪರ-ವಿರೋಧದ ಲೇಖನಗಳಾದ ಫೆಡರಲಿಸ್ಟ್ 10, 51, 70, 78 ಮತ್ತು ಬ್ರೂಟಸ್ 1, ಸ್ವಾತಂತ್ರ್ಯ ಘೋಷಣೆ, ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್, ಮಾರ್ಟಿನ್ ಲೂಥರ್ ಕಿಂಗ್ ಜೈಲಿನಿಂದ ಬರೆದ ಪತ್ರ ಹೊಸದಾಗಿ ಓದಬೇಕಾದವು, ಅದಕ್ಕೆ ಬೇಸಿಗೆಯ ಐದು ವಾರ ಸಾಕು.